ಇಪ್ಪತ್ತರ ಮುಂದೆ ಇಪ್ಪತ್ತಮೂರು

ಪ್ರೆಸ್ಸಿನವರು ಆ ಕೆಲಸ ಹಿಡಿದುಕೊಂಡು ಮನೆಗೆ ಬಂದಾಗ ನಾನು ಹಿತ್ತಲ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ಚಿತ್ರದುರ್ಗದಲ್ಲಿ ಅವರದು ಮದುವೆ ಕಾರ್ಡು, ಕರಪತ್ರ, ಬಿಲ್ಲು ಪುಸ್ತಕ ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಅಕ್ಷರ ಜೋಡಿಸುವುದು, ಕರಡು ತಿದ್ದುವುದು, ಪುಟ ಕಟ್ಟುವುದು, ಇಷ್ಟನ್ನು ನಾನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ. ನಮ್ಮ ಯಜಮಾನರು ಬೆಳಗಿನ ಬಸ್ಸಿಗೆ ಹೊಸದುರ್ಗದ ಆಫೀಸಿಗೆ ಹೋದರೆಂದರೆ ಸಂಜೆಯವರೆಗೆ ಮನೆಯೂ ನನ್ನದೇ, ಕೀಬೋರ್ಡೂ ನನ್ನದೇ.

"ಮೇಡಂ, ದೊಡ್ಡ ಕೆಲಸ ಬಂದೈತೆ. ರಾಮಗಿರಿ ಕಡೆ ಒಂದು ಊರು. ಸರ್ಕಾರಿ ಶಾಲೆಗೆ ನೂರು ವರ್ಷ ತುಂಬ್ತಂತೆ, ಸ್ಮರಣ ಸಂಚಿಕೆ ತರ್ತಾರಂತೆ. ಅರವತ್ನಾಲ್ಕು ಪೇಜು, ಸೆಂಟರ್ ಪಿನ್ನು," ಅಂದರು.

ಊರಿನ ಹೆಸರು ನಾನು ಬರೆಯುವುದಿಲ್ಲ. ಈ ಕಥೆಯ ಅಕ್ಕ ಇನ್ನೂ ಅದೇ ಶಾಲೆಯಲ್ಲಿ ಕೆಲಸಕ್ಕಿದ್ದಾರೆ.

ಸ್ಮರಣ ಸಂಚಿಕೆಯ ಕೆಲಸ ಹೇಗಿರುತ್ತದೆಂದು ಮಾಡಿದವರಿಗೇ ಗೊತ್ತು. ಮೊದಲು ಶುಭಾಶಯಗಳು ಬರುತ್ತವೆ. ಹೆಸರು ಮುಚ್ಚಿದರೆ ಯಾರದು ಯಾವುದೆಂದು ತಿಳಿಯದಷ್ಟು ಒಂದೇ ಥರ. ಆಮೇಲೆ ಫೋಟೋಗಳು, ಅರ್ಧ ಮಬ್ಬು, ಅರ್ಧ ಅಡ್ಡ. ದಾನಿಗಳ ಪುಟ. ಹಳೆಯ ವಿದ್ಯಾರ್ಥಿಗಳ ನೆನಪುಗಳು. ಆ ನೆನಪುಗಳಲ್ಲಿ ಎಲ್ಲರಿಗೂ ಒಬ್ಬರೇ ಮೇಷ್ಟ್ರು, ಒಂದೇ ಹುಣಸೆ ಬರಲು, ಶಾಲೆಯ ಹಿಂದಿನ ಒಂದೇ ನೇರಳೆ ಮರ. ನಾನು ಟೈಪು ಮಾಡುತ್ತಾ ಮಾಡುತ್ತಾ ಆ ಮರದ ಕೊಂಬೆಕೊಂಬೆಯೂ ಗುರುತಾಗಿಬಿಟ್ಟಿತ್ತು.

ಹೀಗಿರುವಾಗ ಒಂದು ಲೇಖನ ಮೊಬೈಲಿಗೆ ಫೋಟೋ ರೂಪದಲ್ಲಿ ಬಂತು. ಗೆರೆ ಹಾಳೆ, ನೀಲಿ ಬಾಲ್‌ಪೆನ್ನು, ದುಂಡಗಿನ ಅಕ್ಷರ. ಒಂದು ಹಾಳೆಯ ಮೂಲೆಯಲ್ಲಿ ಅರಿಸಿನದ ಬೆರಳಿನ ಗುರುತು. ಬರೆದವರು ನಾನು ಹೇಳಿದ ಆ ಅಕ್ಕ, ಶಾಲೆಯ ಬಿಸಿಯೂಟದ ಅಡುಗೆಯವರು. ಅಲ್ಲೇ ಏಳನೆಯವರೆಗೆ ಓದಿದ್ದರಿಂದ ಅವರೂ ಹಳೆಯ ವಿದ್ಯಾರ್ಥಿಯೇ. ಎಲ್ಲ ಜನಾಂಗದವರದೂ ಒಂದೊಂದು ಇರಲಿ ಎಂದು ಹೆಡ್‌ಮೇಷ್ಟ್ರೇ ಬರೆಯಲು ಹೇಳಿದ್ದರಂತೆ. ಮರದ ಬಗ್ಗೆ ಬರೆಯುತ್ತಾರೆ ಅಂದುಕೊಂಡಿದ್ದಿರಬೇಕು.

ಲೇಖನ ಹೀಗೆ ಶುರುವಾಗುತ್ತಿತ್ತು:

"ಈ ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಮುಖ್ಯ ಅಡುಗೆಯವಳು. ಅಡುಗೆಮನೆಯಲ್ಲಿ ನಾನು ಇಲ್ಲ. ಕೆಲಸಕ್ಕೆ ಸೇರಿದ ವಾರ ಮಕ್ಕಳು ಮನೆಯಿಂದ ಬುತ್ತಿ ತಂದರು. ಮರುವಾರ ಊರವರು ಸೇರಿ ಮಾತಾಡಿದರು. ನನ್ನನ್ನು ಯಾರೂ ಬೈಯಲಿಲ್ಲ. ನೀನು ಅಕ್ಕಿ ಆರಿಸು, ಪಾತ್ರೆ ತೊಳಿ, ಸೌಟು ಮುಟ್ಟಬೇಡ ಎಂದರು ಅಷ್ಟೆ. ಅವತ್ತಿನಿಂದ ಸೌಟು ತೊಳೆಯುತ್ತೇನೆ, ಹಿಡಿದು ಬಡಿಸಿಲ್ಲ. ನಾನು ಮಾದಿಗರವಳು. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ಓದಲು ನಿಮಗೆ ನಾಚಿಕೆಯಾದರೆ ಪುಟ ಮಗುಚಿ."

ನಾನು ಟೈಪು ಮಾಡುವುದು ನಿಲ್ಲಿಸಿ ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡಿ ಬಂದೆ. ಹಾಲಿಗೆ ಏನೂ ಆಗಿರಲಿಲ್ಲ.

ನಾನೂ ಅವರ ಜನವೇ. ಅಪ್ಪ ಯಲ್ಲದಕೆರೆ ಕಡೆಯವರು. ಊರು ಬಿಟ್ಟು ದುರ್ಗಕ್ಕೆ ಬಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಸಿಸ್ಟರುಗಳು ನನ್ನನ್ನು ಕಾನ್ವೆಂಟಿಗೆ ಸೇರಿಸಿಕೊಂಡರು. ಅಲ್ಲಿ ಬಿಳಿ ಸಾಕ್ಸಿನ ಜೊತೆಗೆ ಮೆಲ್ಲಗೆ ಮಾತಾಡುವುದನ್ನೂ ಕಲಿತೆ. ನಮ್ಮ ಬೀದಿಯಲ್ಲಿ ಯಾರೂ ನಮ್ಮ ಜಾತಿ ಕೇಳಿರಲಿಲ್ಲ. ನನ್ನ ಮಾತು ಕೇಳಿದವರು ತಾವೇ ಏನೋ ಒಂದು ಅಂದುಕೊಂಡು ಸುಮ್ಮನಾಗುತ್ತಿದ್ದರು. 'ನಾನು ಮಾದಿಗರವಳು' ಎಂಬ ಅಕ್ಕನ ಸಾಲನ್ನು ನಾನು ಟೈಪು ಮಾಡಿದ್ದೆ, ಆದರೆ ಜೋರಾಗಿ ಓದಿಕೊಳ್ಳುವಾಗ ಅದೊಂದನ್ನು ಹಾರಿಸಿ ಮುಂದಿನ ಸಾಲಿಗೆ ಹೋದೆ.

ಲೇಖಕರ ಫೋಟೋ ಬೇಕಿತ್ತು. ಉಳಿದವರೆಲ್ಲ ಪಾಸ್‌ಪೋರ್ಟ್ ಫೋಟೋ ಕಳಿಸಿದ್ದರು. ಈ ಅಕ್ಕನ ಬಳಿ ಇರಲಿಲ್ಲ. ನಾನೇ ಬರುತ್ತೇನೆ ಎಂದು ಹೊಳಲ್ಕೆರೆಗೆ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಶಾಲೆಯ ಹೊಸ ಬಣ್ಣ ದೂರದಿಂದಲೇ ಕಾಣುತ್ತಿತ್ತು. ಅಡುಗೆಕೋಣೆಯ ಹೊರಗೆ, ಬಿಸಿಲು ನೆರಳು ಅರ್ಧರ್ಧ ಬಿದ್ದ ಕಲ್ಲಿನ ಮೇಲೆ, ಮೊರದ ತುಂಬ ಅಕ್ಕಿ ಇಟ್ಟುಕೊಂಡು ಅಕ್ಕ ಕೂತಿದ್ದರು. ಒಳಗೆ ಸಹಾಯಕ ಅಡುಗೆಯಾಕೆ ಸಾಂಬಾರು ತಿರುವುತ್ತಿದ್ದಳು. ಹಾಜರಿಯಲ್ಲಿ ಸಹಾಯಕಿ ಆಕೆ, ಮುಖ್ಯಸ್ಥೆ ಈಕೆ.

"ಬರ್ರಿ ಮೇಡಂ, ಕುಂತ್ಕಳ್ರಿ. ಅಯ್ಯೋ, ಅಲ್ಲಿ ಬ್ಯಾಡ, ಹಿಟ್ಟೈತೆ, ಸೀರೆಗೆ ಹತ್ತುತ್ತೆ," ಅಂದರು. ಸೆರಗಿನಿಂದ ಕಲ್ಲು ಒರೆಸಿದರು.

ಅವರ ಲೇಖನವನ್ನು ನನ್ನ ಮೊಬೈಲಿನಲ್ಲೇ ಓದಿ ತೋರಿಸಿದೆ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಅಕ್ಕಿಯಲ್ಲಿ ಬೆರಳಾಡಿಸುತ್ತಾ ಕೇಳಿದರು. ಒಂದು ಕಲ್ಲು ಸಿಕ್ಕಿತು, ಎಸೆದರು.

"ಫೋಟೋ ಸೌಟು ಹಿಡ್ಕಂಡು ತೆಗೀರಿ ಮೇಡಂ."

ನಾನು ಸಹಾಯಕಿಯ ಮುಖ ನೋಡಿದೆ. ಅವಳು ಬಾಗಿಲ ಹತ್ತಿರ ಹೆಡ್‌ಮೇಷ್ಟ್ರು ಇದ್ದಾರಾ ಎಂದು ನೋಡಿದಳು. ಆಮೇಲೆ ನಕ್ಕಳು. "ಫೋಟೋಕ್ಕೆ ತಾನೇ? ತಗಾ, ಹಿಡ್ಕಳಕ್ಕ. ಹೀರೋಯಿನ್ ಆದಿ ಬಿಡು ನೀನು."

"ನಿಂಗೆ ಹೊಟ್ಟೆಕಿಚ್ಚಾದ್ರೆ ನೀನೂ ಬರಿ, ಯಾರ್ ಬ್ಯಾಡ ಅಂದ್ರು," ಅಂದರು ಅಕ್ಕ.

ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡು, ಸ್ವಾತಂತ್ರ್ಯ ದಿನ ಮಕ್ಕಳು ಬಾವುಟ ಹಿಡಿಯುವ ಹಾಗೆ ಸೌಟನ್ನು ನೆಟ್ಟಗೆ ಹಿಡಿದು ನಿಂತರು. ನಗಲಿಲ್ಲ. ನಾಲ್ಕಾರು ಫೋಟೋ ತೆಗೆದೆ. ಮುಗಿದ ಮೇಲೆ ಸಹಾಯಕಿ ಸೌಟು ಇಸಕೊಂಡು ನಲ್ಲಿಯ ಕೆಳಗೆ ಹಿಡಿದು, ನಾರು ಹಾಕಿ ಉಜ್ಜಿ, ಇನ್ನೊಂದು ಸಲ ನೀರು ಬಿಟ್ಟು, ತಿರುಗಿ ಸಾಂಬಾರಿಗೆ ಅದ್ದಿದಳು. ಉಜ್ಜುತ್ತಾ ಉಜ್ಜುತ್ತಾ, "ಬಿಸ್ಲು ಬಂತು, ನೆಳ್ಳಿಗೆ ಸರ್ಕಂಡು ಕುಂತ್ಕಳಕ್ಕ," ಎಂದು ಅಕ್ಕನಿಗೆ ಹೇಳಿದಳು. ದನಿಯಲ್ಲಿ ಸಿಟ್ಟು, ಅಸಹ್ಯ ಏನೂ ಇರಲಿಲ್ಲ. ಹಲ್ಲುಜ್ಜಿದಷ್ಟು ಸಹಜವಾಗಿ ತೊಳೆದಿದ್ದಳು. ವಾಪಸು ಬಸ್ಸಿನಲ್ಲಿ ನನಗೆ ಕಿಟಕಿಯ ಹೊರಗೆ ನೋಡಿದ್ದು ಒಂದೂ ನೆನಪಿಲ್ಲ. ಆ ನಾರು ಮಾತ್ರ ನೆನಪಿದೆ, ಹಸಿರು ಬಣ್ಣದ್ದು, ಒಂದು ಕಡೆ ಸವೆದಿತ್ತು.

ಸಂಚಿಕೆ ಸಮಿತಿಯ ಅಧ್ಯಕ್ಷರು ಆ ಊರಿನ ದೊಡ್ಡ ಮನೆಯವರು, ಲಾರಿಗಳನ್ನು ಇಟ್ಟುಕೊಂಡವರು. ಶಾಲೆಗೆ ಜಾಗ ಕೊಟ್ಟಿದ್ದು ಅವರ ತಾತ. ಕರಡು ನೋಡುವ ನೆವದಲ್ಲಿ ಅವರೂ ಹೆಡ್‌ಮೇಷ್ಟ್ರೂ ಆಗಾಗ ನಮ್ಮ ಮನೆಗೆ ಬರುತ್ತಿದ್ದರು. ಅಧ್ಯಕ್ಷರು ಕೆಟ್ಟವರಲ್ಲ. ಚಪ್ಪಲಿ ಹೊರಗೆ ಸಾಲಾಗಿ ಬಿಡುತ್ತಿದ್ದರು. ಟೀಯನ್ನು ಸಾಸರಿಗೆ ಬಗ್ಗಿಸಿಕೊಂಡು, ಊದಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದರು.

"ಮೇಡಂ, ಪ್ರೂಫು ಗೀಫು ಎಲ್ಲ ಸುಮ್ನೆ. ನಾವು ಬರಾದೇ ನಿಮ್ಮ ಟೀಗೆ," ಎನ್ನುತ್ತಿದ್ದರು.

ಮೊದಲ ಎರಡು ಕರಡಿನಲ್ಲಿ ಅವರು ನೋಡಿದ್ದು ತಾತನ ಪುಟ ಮಾತ್ರ. ಪೇಟದ ಜರಿ ಕಾಣುವ ಹಾಗೆ ಫೋಟೋ ಸರಿ ಮಾಡಿಸಿದರು. ಮೂರನೇ ಕರಡಿನ ದಿನ ಹೆಡ್‌ಮೇಷ್ಟ್ರು ಅಕ್ಕನ ಲೇಖನದ ಪುಟವನ್ನು ತೆಗೆದು ಅವರ ಮುಂದೆ ಇಟ್ಟರು. ಅಧ್ಯಕ್ಷರು ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೆ ಓದಿದರು. ಓದುತ್ತಾ ಓದುತ್ತಾ ಅವರ ಕಿವಿ ಕೆಂಪಾಯಿತು.

"ಇದು ಬ್ಯಾಡ ಮೇಡಂ."

"ಯಾಕೆ ಸರ್? ಇದರಲ್ಲಿ ಸುಳ್ಳೇನಿದೆ?" ಎಂದೆ. "ನಾನೇ ಹೋಗಿ ನೋಡಿ ಬಂದೆ."

"ಸುಳ್ಳೋ ನಿಜವೋ ಆಮೇಲೆ. ಶುಭ ಕಾರ್ಯದಾಗೆ ಇದೆಲ್ಲ ಯಾಕೆ?"

ಹೆಡ್‌ಮೇಷ್ಟ್ರು ದನಿ ತಗ್ಗಿಸಿದರು. "ಮೇಡಂ, ಸಾಹೇಬ್ರೆಲ್ಲ ಬರ್ತಾರೆ ಅವತ್ತು. ಹಾಜರಿಯಲ್ಲಿ ಒಂದು, ಕೆಲಸದಲ್ಲಿ ಒಂದು ಅಂತ ಅಚ್ಚಾಗಿಬಿಟ್ರೆ ನನಗೆ ನೋಟಿಸ್ ಬರುತ್ತೆ. ನಾನು ಬಂದು ಇನ್ನೂ ವರ್ಷ ಆಗಿಲ್ಲ, ಇದು ಹಿಂದಿನವರ ಕಾಲದ್ದು. ಆ ಸೌಟಿನ ಭಾಗ ಒಂದು ತೆಗೆದುಬಿಡಿ. ಉಳಿದದ್ದು ಇರಲಿ."

ಫ್ಯಾನು ತಿರುಗುತ್ತಿತ್ತು. ಕರಡಿನ ಹಾಳೆಗಳು ಹಾರದಂತೆ ನಾನು ಅವುಗಳ ಮೇಲೆ ಸಕ್ಕರೆ ಡಬ್ಬಿ ಇಟ್ಟಿದ್ದೆ. ಅದನ್ನೇ ನೋಡುತ್ತಾ ಹೇಳಿದೆ, "ಸರ್, ನಾನೂ ಅವರ ಜಾತಿಯವಳೇ. ಯಲ್ಲದಕೆರೆ ಕಡೆ ನಮ್ಮಪ್ಪನ ಕೇರಿ."

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅಧ್ಯಕ್ಷರ ಕೈಯಲ್ಲಿ ಸಾಸರು ಇತ್ತು. ನಾನು ಬೇರೆಲ್ಲ ಬಿಟ್ಟು ಆ ಸಾಸರನ್ನೇ ನೋಡಿದೆ. ಅದು ಕೆಳಗೆ ಇಳಿಯುತ್ತದೆ, ಟೀ ಹಾಗೇ ಉಳಿಯುತ್ತದೆ, ಮೇಲೆ ಕೆನೆ ಕಟ್ಟುತ್ತದೆ, ಆಗ ನಾನು ಹೇಳಬೇಕಾದ ಮಾತು ತಾನಾಗಿ ಸಾಬೀತಾಗುತ್ತದೆ ಅಂದುಕೊಂಡಿದ್ದೆ.

ಅಧ್ಯಕ್ಷರು ಸಾಸರು ಎತ್ತಿ ಒಂದೇ ಗುಕ್ಕಿಗೆ ಕುಡಿದರು. ಕಪ್ಪು ಮುಂದೆ ಚಾಚಿದರು. "ಇನ್ನರ್ಧ ಹಾಕ್ರಿ ಮೇಡಂ."

ಹಾಕಿದೆ. ಅದನ್ನೂ ಕುಡಿದರು. ಕಪ್ಪು ಬೋರಲು ಹಾಕಿ ತೋರಿಸಿದರು, ಮಕ್ಕಳು ಹಾಲು ಕುಡಿದು ತೋರಿಸುತ್ತಾರಲ್ಲ, ಹಾಗೆ.

"ಕುಡಿದ್ನಾ? ಮೇಷ್ಟ್ರೂ ಕುಡಿದ್ರು. ನೀವು ಹೇಳಾಕೆ ಮುಂಚೆನೂ ಕುಡಿದ್ವಿ, ಹೇಳಿದ್ಮೇಲೂ ಕುಡಿದ್ವಿ. ಈಗ ನೀವೇ ಹೇಳ್ರಿ, ಜಾತಿ ಎಲ್ಲೈತೆ? ಇಲ್ದೇ ಇರಾದನ್ನ ಪುಸ್ತಕದಾಗೆ ಅಚ್ಚು ಹಾಕಿ ಊರಿಗೆ ಯಾಕೆ ಕೆಟ್ಟೆಸ್ರು ತರ್ತೀರಿ?"

"ಹಾಗಾದರೆ ಶಾಲೆಯಲ್ಲಿ ಒಂದು ದಿನ ಅವರ ಕೈಯಿಂದ ಬಡಿಸಿಕೊಂಡು ಉಣ್ಣಿ ಸರ್."

"ಅದು ಬ್ಯಾರೆ. ನೀವು ಓದಿದೋರು, ಮನೆ ಹೆಂಗಿಟ್ಟೀರಿ. ನೀವು ಹಂಗೆ ಕಾಣಾದೇ ಇಲ್ಲ ಬಿಡ್ರಿ." ಹೊಗಳಿದ ಖುಷಿ ಅವರ ಮುಖದಲ್ಲಿತ್ತು.

ನನ್ನ ಬಳಿ ಇದ್ದದ್ದು ಅದೊಂದೇ ಮಾತು. ಎಷ್ಟೋ ಕಾಲದಿಂದ ಎದೆಯಲ್ಲಿ ಮಡಿಸಿ ಇಟ್ಟುಕೊಂಡಿದ್ದೆ. ಹೊರಗೆ ತೆಗೆದ ಗಳಿಗೆಯಲ್ಲೇ ಅದನ್ನು ಅವರು ತಮ್ಮ ಕಡೆಯ ಸಾಕ್ಷಿ ಮಾಡಿಕೊಂಡರು. ಅವರು ಹೋದ ಮೇಲೆ ಕಪ್ಪು ತೊಳೆಯಲು ಹೋದರೆ ಒಂದರಲ್ಲೂ ಒಂದು ತೊಟ್ಟು ಉಳಿದಿರಲಿಲ್ಲ. ಹಾಗೆ ಖಾಲಿಯಾದ ಕಪ್ಪು ನೋಡಿ ನಾನು ಅತ್ತಿದ್ದು ಅದೇ ಮೊದಲು.

ಅಕ್ಕನಿಗೆ ಫೋನು ಮಾಡಿದೆ. ಆ ಕಡೆ ಪಾತ್ರೆಗಳ ಸದ್ದು. ಸೌಟಿನ ಭಾಗ ತೆಗೆದರೆ ಉಳಿದದ್ದು ಬರುತ್ತದಂತೆ, ಏನು ಮಾಡೋಣ ಎಂದು ಕೇಳಿದೆ.

"ಸೌಟು ತೆಗುದ್ರೆ ಇನ್ನೇನೈತೆ ಮೇಡಂ ಅದ್ರಾಗೆ? ಖಾಲಿ ಡಬರಿ. ತೊಳ್ದು ಬೋರ್ಲು ಹಾಕಾದೇ."

"ಅಕ್ಕಾ, ನಾನೂ ನಮ್ಮೋರೇ," ಎಂದೆ. ಇದನ್ನು ಹೇಳುವಾಗ ನನ್ನ ನಾಲಿಗೆಗೆ ಅಪ್ಪನ ಮಾತು ಬಂದುಬಿಟ್ಟಿತ್ತು.

ಪಾತ್ರೆಯ ಸದ್ದು ನಿಂತಿತು. "ಹಂಗಾರೆ ಮೇಡಂ ಅನ್ನಾದು ಬಿಡ್ಲಾ?"

"ಬಿಡಿ ಅಕ್ಕ."

ಸ್ವಲ್ಪ ಹೊತ್ತು ಪ್ರಯತ್ನ ಮಾಡಿದರೇನೋ, ಉಸಿರು ಕೇಳಿಸಿತು. "ಆಗಲ್ಲ ಮೇಡಂ. ಬಾಯಿಗೆ ಬರವಲ್ದು."

ಅವತ್ತು ಸಂಜೆ ಹೆಡ್‌ಮೇಷ್ಟ್ರಿಗೆ ಮೆಸೇಜು ಹಾಕಿದೆ. ಲೇಖನ ಇದ್ದ ಹಾಗೇ ಇದ್ದರೆ ಮಾತ್ರ ಫೈಲು ಪ್ರೆಸ್ಸಿಗೆ ಹೋಗುತ್ತದೆ, ಇಲ್ಲದಿದ್ದರೆ ಪುಸ್ತಕದ ಕೆಲಸ ಬೇರೆಯವರಿಂದ ಮೊದಲಿನಿಂದ ಮಾಡಿಸಿಕೊಳ್ಳಿ. ಆಹ್ವಾನ ಪತ್ರಿಕೆ ಆಗಲೇ ಹಂಚಿಯಾಗಿತ್ತು. ಮೊದಲಿನಿಂದ ಮಾಡಲು ಯಾರಿಗೂ ಸಮಯವಿರಲಿಲ್ಲ. ಮರುದಿನ ಅಧ್ಯಕ್ಷರದೇ ಫೋನು.

"ಹಾಕ್ರಿ ಮೇಡಂ, ಹಾಕ್ರಿ. ನಿಮ್ಮ ಮನ್ಸಿಗೆ ಯಾಕೆ ಬ್ಯಾಸ್ರ. ಆದ್ರೆ ಎರಡೇ ಪೇಜು. ಒಂದು ಗೆರೆ ಜಾಸ್ತಿ ಆಗಂಗಿಲ್ಲ."

ಯಜಮಾನರಿಗೆ ಹೇಳಿದರೆ, ಊಟ ಮಾಡುತ್ತಿದ್ದವರು ತಲೆ ಎತ್ತಿದರು. "ಇಷ್ಟು ಸಲೀಸಾಗಿ ಒಪ್ಪಿದ್ರಾ?" ಅಷ್ಟೇ ಕೇಳಿದ್ದು. ನನಗೂ ಅದೇ ಅನುಮಾನ.

ಫೋಟೋ ಸೇರಿ ಲೇಖನ ಎರಡೂವರೆ ಪುಟ ಬರುತ್ತಿತ್ತು. ಅಕ್ಕನ ಒಂದು ಪದವನ್ನೂ ಕತ್ತರಿಸಬಾರದು, ಎರಡೇ ಪುಟಕ್ಕೆ ಕೂರಿಸಬೇಕು. ಅಕ್ಷರ ಒಂದು ಅಳತೆ ಸಣ್ಣದು ಮಾಡಿದೆ. ಸಾಲಲಿಲ್ಲ. ಸಾಲುಗಳ ನಡುವಿನ ಜಾಗ ಬಿಗಿ ಮಾಡಿದೆ. ಇನ್ನೂ ಏಳೆಂಟು ಸಾಲು ಹೊರಗುಳಿಯುತ್ತಿತ್ತು. ಕೊನೆಗೆ, ಪಿನ್ನು ಬೀಳುವ ಮಡಿಕೆಯ ಕಡೆ ಮುಕ್ಕಾಲು ಇಂಚು ಬಿಡುವ ಖಾಲಿ ಜಾಗವನ್ನು ಕಾಲು ಇಂಚಿಗೆ ಇಳಿಸಿದೆ. ಸಾಲುಗಳು ಮಡಿಕೆಯ ತನಕ ಸರಿದು ನಿಂತವು. ಫೋಟೋ ಪುಟದ ಹೊರಗಂಚಿಗೆ ಹೋಯಿತು. ಎಲ್ಲ ಹಿಡಿಸಿತು.

ಆಮೇಲೆ ಡಮ್ಮಿ, ಅಂದರೆ ಪುಸ್ತಕದ ಖಾಲಿ ಮಾದರಿ, ಮಾಡಲು ಕೂತೆ. ಯಜಮಾನರ ಆಫೀಸಿನ ಹಳೆಯ ಕಾಗದ ಹದಿನಾರು ಹಾಳೆ ತೆಗೆದುಕೊಂಡು, ಒಂದರೊಳಗೊಂದು ಮಡಿಸಿ, ಪೆನ್ಸಿಲಿನಲ್ಲಿ ಪುಟ ಸಂಖ್ಯೆ ಹಾಕುವುದು. ನಡುವೆ ಪಿನ್ನು ಹೊಡೆಯುವ ಪುಸ್ತಕದಲ್ಲಿ ಪ್ರತಿ ಹಾಳೆಯೂ ಎರಡು ಕಡೆ ಇರುತ್ತದೆ. ಮುಂದಿನ ಅರ್ಧದಲ್ಲಿ ಒಂದು ಎಲೆ, ಹಿಂದಿನ ಅರ್ಧದಲ್ಲಿ ಅದರ ಜೋಡಿ ಎಲೆ, ನಡುವೆ ಪಿನ್ನು. ಒಂದನ್ನು ಮಡಿಕೆಯಲ್ಲಿ ಕಿತ್ತರೆ ಜೋಡಿಗೆ ಹಿಡಿತ ತಪ್ಪಿ ಉದುರುತ್ತದೆ. ಅರವತ್ತೈದರಲ್ಲಿ ಪುಟದ ಸಂಖ್ಯೆ ಕಳೆದರೆ ಜೋಡಿ ಸಿಗುತ್ತದೆ. ಅಧ್ಯಕ್ಷರ ತಾತನ ಫೋಟೋ ನಲವತ್ತಮೂರರಲ್ಲಿ, ಅವರ ಜೀವನ ನಲವತ್ತನಾಲ್ಕರಲ್ಲಿ ಇತ್ತು. ಅಕ್ಕನ ಲೇಖನ ಇಪ್ಪತ್ತೇಳರಲ್ಲಿತ್ತು.

ಪೆನ್ಸಿಲು ತುಟಿಗಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರು ಜಗಳಗಂಟ ಹುಡುಗಿಯರನ್ನು ಒಂದೇ ಬೆಂಚಿಗೆ ಕೂರಿಸುತ್ತಿದ್ದರು. ಒಬ್ಬಳನ್ನು ತಳ್ಳಿದರೆ ಇನ್ನೊಬ್ಬಳೂ ಬೀಳಲಿ ಎಂದು. ನೇರಳೆ ಮರದ ಎರಡು ನೆನಪುಗಳನ್ನು ಹಿಂದಕ್ಕೆ ಸರಿಸಿ ಅಕ್ಕನ ಲೇಖನವನ್ನು ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ ತಂದೆ. ಈಗ ಅಕ್ಕನೂ ತಾತನೂ ಒಂದೇ ಹಾಳೆ. ಇವರನ್ನು ಕಿತ್ತರೆ ಅವರು ಉದುರುತ್ತಾರೆ. ಪರಿವಿಡಿಯಲ್ಲಿ ಪುಟ ಸಂಖ್ಯೆ ಬದಲಾಯಿಸಿ ಫೈಲು ಕಳಿಸಿದೆ.

ಅಚ್ಚಾದ ಹಾಳೆ ನೋಡಲು ಪ್ರೆಸ್ಸಿಗೆ ಹೋದೆ. ಶಾಯಿ ಇನ್ನೂ ಹಸಿ. ಸೌಟು ಹಿಡಿದ ಅಕ್ಕ ದೊಡ್ಡ ಹಾಳೆಯ ಒಂದು ಮೂಲೆಯಲ್ಲಿ, ಪೇಟದ ತಾತ ಪಕ್ಕದಲ್ಲೇ. ಪ್ರೆಸ್ಸಿನವರು ಹಾಳೆ ಬೆಳಕಿಗೆ ಹಿಡಿದರು.

"ಮೇಡಂ, ಒಳಗಡೆ ಮಾರ್ಜಿನ್ನು ಇಷ್ಟೇನಾ? ಪಿನ್ನಿನ ಸಂದಿಗೆ ಅಕ್ಷರ ಸಿಗಾಕ್ಕಂತವೆ."

"ಇರಲಿ ಬಿಡಿ." ಖುಷಿಯಲ್ಲಿದ್ದೆ, ಬಾಯಿ ತಡೆಯಲಿಲ್ಲ. "ಈ ಎಲೆ ಯಾರಾದರೂ ಕಿತ್ತರೆ ಅಧ್ಯಕ್ಷರ ತಾತ ಕೆಳಗೆ ಬೀಳ್ತಾರೆ."

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಮೇಜು ತಟ್ಟಿ ನಕ್ಕರು. "ಭಾರಿ ಇದೀರಿ ಮೇಡಂ! ನಾನು ಇಷ್ಟು ವರ್ಷ ಪಿನ್ನು ಹೊಡ್ದೆ, ಇದು ತಲೆಗೇ ಹೊಳೀಲಿಲ್ಲ."

ಶತಮಾನೋತ್ಸವದ ದಿನ ಶಾಲೆಯ ಅಂಗಳದ ತುಂಬ ಶಾಮಿಯಾನ. ಪ್ರತಿ ಕುರ್ಚಿಯ ಮೇಲೂ ಒಂದೊಂದು ಸಂಚಿಕೆ ಇಟ್ಟಿದ್ದರು, ಗಾಳಿಗೆ ಮುಖಪುಟ ಪಟಪಟ ಹೊಡೆಯುತ್ತಿತ್ತು. ವೇದಿಕೆಯ ಮೇಲೆ ಇನ್ನೂ ಸ್ವಾಗತ ಗೀತೆ ಹಾಡುತ್ತಿದ್ದರು. ನಾನು ಕೂತವಳೇ ಇಪ್ಪತ್ತೊಂದನೇ ಪುಟಕ್ಕೆ ಹೋದೆ. ಇಪ್ಪತ್ತರ ಎದುರಿಗೆ ಇಪ್ಪತ್ತಮೂರು ಇತ್ತು.

ನನ್ನ ಪ್ರತಿಯಲ್ಲಿ ಮಾತ್ರ ಹೀಗೇನೋ ಎಂದು ಪಕ್ಕದ ಕುರ್ಚಿಯದನ್ನು ತೆಗೆದೆ. ಅದರ ಪಕ್ಕದ್ದನ್ನೂ ತೆಗೆದೆ. ತಾತ ಬಿದ್ದಿರಲಿಲ್ಲ. ಪೇಟ ಸುತ್ತಿಕೊಂಡು ನಲವತ್ತಮೂರರಲ್ಲಿ ಗಟ್ಟಿಯಾಗಿ ಕೂತಿದ್ದರು. ಇಪ್ಪತ್ತು ಮತ್ತು ಇಪ್ಪತ್ತಮೂರರ ನಡುವೆ ಬೆರಳಿಟ್ಟರೆ ಏನೋ ತಗುಲಿತು. ಕಾಗದದ ಒಂದು ಪಟ್ಟಿ. ಬ್ಲೇಡಿನಿಂದ ನೆಟ್ಟಗೆ ಕೊಯ್ದಿದ್ದರು.

ಪ್ರೆಸ್ಸಿನವರು ಸನ್ಮಾನ ಮುಗಿಸಿಕೊಂಡು, ಹೆಗಲ ಮೇಲೆ ಶಾಲು ಹೊದ್ದು ನನ್ನ ಕಡೆಗೇ ಬಂದರು. ನಾನು ಪುಸ್ತಕ ಬಿಚ್ಚಿ ಹಿಡಿದೆ.

"ಪಾರ್ಟಿಯವ್ರು, ಅದೇ ಅಧ್ಯಕ್ಷರ ಕಡೆಯವ್ರು, ಬಂದು ಕುಂತ್ರು ಮೇಡಂ, ಏನ್ಮಾಡ್ಲಿ. ಅವರ ಹುಡುಗ್ರೇ ಕೊಯ್ಯಾಕೆ ಶುರು ಮಾಡಿದ್ರು, ಮಡಿಕೆಗೆ ಕೈ ಹಾಕಿಬಿಟ್ಟಿದ್ರು. ನಾನು ತಡೆದೆ." ದನಿ ಇಳಿಸಿ, ಕೆಲಸದ ಮಾತಾಡುವಾಗಿನ ಅದೇ ಆಸಕ್ತಿಯಿಂದ ಮುಂದುವರಿಸಿದರು. "ನೀವು ಹೇಳಿದ್ದು ನೆನಪಾತು ನೋಡ್ರಿ. ಅರ್ಧ ಇಂಚು ಬಿಟ್ಟು ತೆಗಿಸ್ದೆ. ಆ ಕಡೆ ಪೇಜು ಒಂದೂ ಬಿಚ್ಕಂಡಿಲ್ಲ."

ಅವರು ನನ್ನ ಮೆಚ್ಚುಗೆಗೆ ಕಾಯುತ್ತಿದ್ದರು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಶಾಲೆಯ ಹಿಂದೆ, ನಲ್ಲಿಯ ಹತ್ತಿರ, ಅಕ್ಕ ಮತ್ತು ಸಹಾಯಕಿ ತಟ್ಟೆ ತೊಳೆಯುತ್ತಿದ್ದರು. ಅವತ್ತಿನ ಅಡುಗೆ ಭೀಮಸಮುದ್ರದಿಂದ ಕರೆಸಿದ ಅಡುಗೆಭಟ್ಟರದು. ಹೇಗೆ ಹೇಳಲಿ ಎಂದು ಅಂಗಳ ದಾಟುವಾಗ ಮಾತು ಜೋಡಿಸಿಕೊಂಡು ಹೋಗಿದ್ದೆ. ಬೇಕಾಗಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಸಂಚಿಕೆ ಆಗಲೇ ಇತ್ತು, ನೀರು ಸಿಡಿಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ.

ಅಕ್ಕ ಕೈ ಒರೆಸಿಕೊಂಡು ಪುಸ್ತಕ ಹೊರಗೆ ತೆಗೆದರು. ಮೊದಲು ಪರಿವಿಡಿ ತೋರಿಸಿದರು. ಕೊಯ್ದವರು ಪರಿವಿಡಿಯನ್ನು ಮರೆತಿದ್ದರು. ಲೇಖನದ ಹೆಸರು, ಅಕ್ಕನ ಹೆಸರು, ಪುಟ ಇಪ್ಪತ್ತೊಂದು, ಎಲ್ಲ ಇದ್ದ ಹಾಗೇ ಇತ್ತು.

"ಎಣಿಕೆ ತಪ್ಪಿದ್ದು ನಂದಾ, ಇವರ್ದಾ ಮೇಡಂ? ಇಪ್ಪತ್ತಾದ್ಮೇಲೆ ಇಪ್ಪತ್ತೊಂದು ಅಂತ ಇದೇ ಸ್ಕೂಲ್ನಾಗೆ ನಂಗೆ ಹೊಡ್ದು ಕಲ್ಸಿದ್ರು."

ಅಕ್ಕ ಹಾಳೆ ತಿರುವಿ ಇಪ್ಪತ್ತರ ಪುಟ ಬಿಚ್ಚಿದರು.

"ಪುಟ ಮಗುಚಿ ಅಂತ ತಾನೇ ನಾನು ಬರ್ದಿದ್ದು? ಮಗುಚಾಕೆ ಏನಾಗಿತ್ತು ಇವ್ರಿಗೆ, ಕೈ ಸೇದಿತ್ತಾ?" ಸಹಾಯಕಿ ತಲೆ ತಗ್ಗಿಸಿ ತಟ್ಟೆ ಉಜ್ಜುತ್ತಿದ್ದಳು. ಅಕ್ಕ ಮತ್ತೆ ಪರಿವಿಡಿಗೆ ತಿರುಗಿಸಿ ತನ್ನ ಹೆಸರಿನ ಮೇಲೆ ಉಗುರಿಟ್ಟರು. "ಹಾಜರಿ ಪುಸ್ತಕದಂಗೇ ಆತು. ಹೆಸ್ರೈತೆ, ನಾನಿಲ್ಲ."

ಆಗ ನಾನು ಆ ಪಟ್ಟಿಯನ್ನು ತೋರಿಸಿದೆ. ಅರ್ಧ ಇಂಚು ಬಿಟ್ಟು ಕೊಯ್ದಿದ್ದರಲ್ಲ, ಖಾಲಿ ಜಾಗ ಕಾಲು ಇಂಚೇ ಇದ್ದುದರಿಂದ ಇಪ್ಪತ್ತೊಂದನೇ ಪುಟದ ಪ್ರತಿ ಸಾಲಿನ ಮೊದಲಿನ ಒಂದೋ ಎರಡೋ ಅಕ್ಷರ ಪಟ್ಟಿಯ ಮೇಲೆ ಉಳಿದಿತ್ತು. ಮೇಲಿನಿಂದ ಕೆಳಗೆ, ಇರುವೆ ಸಾಲಿನ ಹಾಗೆ.

"ಇದು ನಂದಾ?"

"ನಿಮ್ಮದೇ ಅಕ್ಕ."

ಅವರು ಮೊದಲ ಅಕ್ಷರದ ಮೇಲೆ ಬೆರಳಿಟ್ಟರು. 'ಈ' ಇತ್ತು. "ಇದೇನು?"

ಅಷ್ಟು ಸಲ ಕರಡು ತಿದ್ದಿದವಳಿಗೆ ಆ ಎರಡು ಪುಟ ಬಾಯಿಪಾಠವಾಗಿತ್ತು, ಯಾವ ಸಾಲು ಎಲ್ಲಿ ಮುರಿಯುತ್ತದೆ ಎನ್ನುವುದು ಸಹ. "ಈ ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಮುಖ್ಯ," ಎಂದೆ. ಬೆರಳು ಕೆಳಗೆ ಸರಿಯಿತು. ನಾನು ಮುಂದಿನ ಸಾಲು ಹೇಳಿದೆ. ಬೆರಳು ಇನ್ನೂ ಕೆಳಗೆ. ಕಾಗದಕ್ಕೆ ಅವರ ಕೈಯ ಒದ್ದೆ ಹತ್ತಿ ಅಂಚು ಸುರುಟಿಕೊಳ್ಳುತ್ತಿತ್ತು. ಸಹಾಯಕಿ ಉಜ್ಜುವುದನ್ನು ನಿಲ್ಲಿಸಿದ್ದಳು, ನಲ್ಲಿ ಮಾತ್ರ ಸುಮ್ಮನೆ ಸುರಿಯುತ್ತಿತ್ತು. ಮೈಕಿನಲ್ಲಿ ವಂದನಾರ್ಪಣೆಯವರು ದಾನಿಗಳ ಹೆಸರು ಒಂದೊಂದಾಗಿ ಓದುತ್ತಿದ್ದರು. ನಾವು ಬುತ್ತಿಯ ಸಾಲು ದಾಟಿದೆವು, ಊರವರು ಸೇರಿದ ಸಾಲು ದಾಟಿದೆವು. ಅವರು ಬೆರಳನ್ನು ಮುಂದಿನ ಅಕ್ಷರಕ್ಕೆ ಇಟ್ಟರು.

"ತಟ್ಟೆ ಸಾಲ್ತಿಲ್ಲ, ತಟ್ಟೆ!" ಶಾಮಿಯಾನದ ಕಡೆಯಿಂದ ಯಾರೋ ಕೂಗಿದರು. "ಏನ್ರಮ್ಮಾ, ಎರಡನೇ ಪಂಕ್ತಿ ಕುಂತೈತೆ, ಅಲ್ಲೇನ್ ಪುರಾಣ ಓದ್ತಿದೀರಾ?"

ಅಕ್ಕ ಎದ್ದರು. ಪುಸ್ತಕ ಮುಚ್ಚಿ, ಕವರಿಗೆ ಹಾಕಿ, ಕಟ್ಟೆಯ ಮೇಲಿಟ್ಟರು. ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎದೆಗೆ ಒತ್ತಿ ಹಿಡಿದುಕೊಂಡರು. ನೀರು ಸೀರೆಯ ಮೇಲೆ ಇಳಿಯುತ್ತಿತ್ತು. ಎರಡು ಹೆಜ್ಜೆ ಹೋದವರು ತಿರುಗಿದರು.

"ಎಲ್ಲಿಗೆ ನಿಂತ್ವಿ, ಅದೊಂದು ನೆನಪಿಟ್ಕಳವ್ವ ತಂಗೀ."

ಕೊನೆಯ ಬಸ್ಸು ಹೊರಡುವ ಹೊತ್ತಾದರೂ ಪಂಕ್ತಿಗಳು ಮುಗಿಯಲಿಲ್ಲ, ಅವರು ಬರಲಿಲ್ಲ. ಎಲ್ಲಿಗೆ ನಿಂತೆವು ಎನ್ನುವುದು ನನಗೆ ನೆನಪಿದೆ. ಮುಂದಿನ ಸಾಲು ಸೌಟಿನದು.